ಗೆಲ್ಲಿಸಿಕೊಡುವವರು: ಚಿಲಿ, ಬೊಲಿವಿಯಾ ಮತ್ತು ನಮ್ಮ ವಾರ್ ರೂಮುಗಳು

(ಪತ್ರಿಕೋದ್ಯಮ ಮತ್ತು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಧಾರವಾಡದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಒಂದನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ ದೊಡ್ಡದು: ಹೊಸ ಪ್ರಜಾಪ್ರಭುತ್ವಗಳಲ್ಲಿ ವೃತ್ತಿಪರ ಚುನಾವಣಾ ಪ್ರಚಾರ. ಅಷ್ಟನ್ನೂ ಒಂದೇ ಗಂಟೆಯಲ್ಲಿ ಹೇಳಹೊರಟರೆ ಹತ್ತು ದೇಶಗಳ ಹೆಸರು ಕೇಳಿಸಿಕೊಂಡು, ಏನೂ ಕೈಗೆ ಸಿಗದೆ ನೀವು ಮನೆಗೆ ಹೋಗುತ್ತೀರಿ. ಹಾಗಾಗಿ ಎರಡೇ ಕಥೆ ಹೇಳುತ್ತೇನೆ. ಎರಡೂ ದಕ್ಷಿಣ ಅಮೆರಿಕದ ಅಕ್ಕಪಕ್ಕದ ದೇಶಗಳವು. ಎರಡರಲ್ಲೂ ಸರ್ವೆ ಇತ್ತು, ಫೋಕಸ್ ಗ್ರೂಪ್ ಇತ್ತು, ಟಿವಿ ಜಾಹೀರಾತು ಇತ್ತು, ಅಮೆರಿಕದಿಂದ ಬಂದ ಸಲಹೆಗಾರರಿದ್ದರು. ಎರಡರಲ್ಲೂ ಅವರು ಯಾರ ಬೆನ್ನಿಗೆ ನಿಂತರೋ ಅವರೇ ಗೆದ್ದರು. ಒಂದು ಕಡೆ ಸರ್ವಾಧಿಕಾರಿ ಸೋತ. ಇನ್ನೊಂದು ಕಡೆ ಗೆದ್ದ ಅಧ್ಯಕ್ಷ ಹದಿನಾಲ್ಕು ತಿಂಗಳಲ್ಲಿ ವಿಮಾನ ಹತ್ತಿ ದೇಶ ಬಿಟ್ಟ. ಸಲಕರಣೆ ಒಂದೇ ಆಗಿದ್ದಾಗ ಫಲ ಹೀಗೇಕೆ ಬೇರೆಯಾಯಿತು ಎನ್ನುವುದೇ ಇವತ್ತಿನ ಮಾತು.

ಮೊದಲು ಚಿಲಿ. 1973ರ ಸೆಪ್ಟೆಂಬರ್ 11ರಂದು ಸೇನೆ ಅಧಿಕಾರ ಹಿಡಿಯಿತು, ಜನರಲ್ ಆಗುಸ್ತೊ ಪಿನೊಚೆ ಮುಖ್ಯಸ್ಥನಾದ. ಮತದಾರರ ಪಟ್ಟಿಗಳನ್ನೇ ನಾಶಮಾಡಿದರು. 1980ರಲ್ಲಿ ತಾನೇ ಬರೆಸಿಕೊಂಡ ಸಂವಿಧಾನದಲ್ಲಿ ಒಂದು ಅಂಶ ಸೇರಿತ್ತು: ಎಂಟು ವರ್ಷದ ನಂತರ ಸೇನೆ ಒಬ್ಬನ ಹೆಸರು ಸೂಚಿಸುತ್ತದೆ, ಜನ ‘ಹೌದು’ ಅಥವಾ ‘ಬೇಡ’ ಎನ್ನಬೇಕು. 1988ರ ಅಕ್ಟೋಬರ್ 5ಕ್ಕೆ ದಿನ ನಿಗದಿಯಾಯಿತು. ಸೂಚಿಸಿದ ಹೆಸರು ಯಾರದೆಂದು ಬೇರೆ ಹೇಳಬೇಕಿಲ್ಲ. ಗೆದ್ದರೆ ಇನ್ನೂ ಎಂಟು ವರ್ಷ.

ಹೊರದೇಶದವರ ಕಣ್ಣಿಗೆ ನ್ಯಾಯವಾಗಿ ಕಾಣಲಿ ಎಂದು ಸರ್ಕಾರ ವಿರೋಧಿಗಳಿಗೆ ಟಿವಿಯಲ್ಲಿ ದಿನಕ್ಕೆ ಹದಿನೈದು ನಿಮಿಷ ಕೊಟ್ಟಿತು, ತನಗೂ ಹದಿನೈದು ನಿಮಿಷ ಇಟ್ಟುಕೊಂಡಿತು. ಒಟ್ಟು 27 ದಿನ. ವಾರದ ದಿನಗಳಲ್ಲಿ ಸಮಯ ರಾತ್ರಿ ಹತ್ತೂ ಮುಕ್ಕಾಲು. ಆ ಹೊತ್ತಿಗೆ ಯಾರು ನೋಡುತ್ತಾರೆ ಎಂಬ ಲೆಕ್ಕಾಚಾರ. ಆದರೆ ಹದಿನೈದು ವರ್ಷ ಪರದೆಯ ಮೇಲೆ ವಿರೋಧದ ಮಾತನ್ನು ಹೆಚ್ಚುಕಡಿಮೆ ಕಾಣದೇ ಇದ್ದ ದೇಶ ನಿದ್ದೆಗೆಟ್ಟು ಕೂತು ನೋಡಿತು.

ಈಗ ಕಸುಬಿನ ವಿಷಯಕ್ಕೆ ಬರುತ್ತೇನೆ. ಆ ಹದಿನೈದು ನಿಮಿಷದಲ್ಲಿ ಏನು ತೋರಿಸಬೇಕು? ‘ಬೇಡ’ ಎನ್ನುವ ಕಡೆ ಹದಿನೈದರ ಆಸುಪಾಸಿನಲ್ಲಿ ಪಕ್ಷಗಳು ಒಟ್ಟುಗೂಡಿದ್ದವು. ಕ್ರೈಸ್ತ ಡೆಮಾಕ್ರಟರು, ಸಮಾಜವಾದಿಗಳು, ಒಬ್ಬರ ಮುಖ ಒಬ್ಬರಿಗೆ ಆಗದವರು. ಅವರಲ್ಲಿ ಬಹಳ ಜನರ ಸಹಜ ಆಸೆ ಏನೆಂದರೆ, ಕೊಲೆಯಾದವರನ್ನು, ಕಾಣೆಯಾದವರನ್ನು, ಚಿತ್ರಹಿಂಸೆಯ ಕೋಣೆಗಳನ್ನು ದಿನದಿನವೂ ತೋರಿಸಬೇಕು. ಇಷ್ಟು ವರ್ಷ ಬಾಯಿ ಕಟ್ಟಿಸಿಕೊಂಡವರಿಗೆ ಇದಕ್ಕಿಂತ ನ್ಯಾಯವಾದ ಆಸೆ ಇನ್ನೇನಿದೆ?

ಸಂಶೋಧನೆ ಬೇರೆಯದನ್ನೇ ಹೇಳಿತು. ಹತ್ತು ಹನ್ನೆರಡು ಜನರನ್ನು ಕೋಣೆಯೊಂದರಲ್ಲಿ ಕೂರಿಸಿ, ನಿಧಾನವಾಗಿ ಮಾತಿಗೆಳೆದು, ಅವರು ಹೇಳುವುದನ್ನೂ ಹೇಳದೆ ನುಂಗಿಕೊಳ್ಳುವುದನ್ನೂ ಗಮನಿಸುವ ಕ್ರಮಕ್ಕೆ ಫೋಕಸ್ ಗ್ರೂಪ್ ಎನ್ನುತ್ತಾರೆ. ಅಲ್ಲಿ ಕಂಡದ್ದು ಸಿಟ್ಟಿಗಿಂತ ಹೆಚ್ಚಾಗಿ ಭಯ. ನಾನು ಹಾಕಿದ ಮತ ಯಾರಿಗೋ ತಿಳಿಯುತ್ತದೆ ಎಂಬ ಭಯ. ಪಿನೊಚೆ ಹೋದರೆ 1973ರ ಹಿಂದಿನ ಗಲಭೆ, ಅಂಗಡಿ ಮುಂದಿನ ಸಾಲುಗಳು ವಾಪಸ್ ಬರುತ್ತವೆ ಎಂಬ ಭಯ. ಏನು ಮಾಡಿದರೂ ಅವನು ಇಳಿಯುವುದಿಲ್ಲ ಎಂಬ ಸೋತ ಭಾವ. ಇಂಥವರಿಗೆ ರಕ್ತ ತೋರಿಸಿದರೆ ಇನ್ನಷ್ಟು ಹೆದರಿ ಬಾಗಿಲು ಹಾಕಿಕೊಳ್ಳುತ್ತಾರೆ.

ಹಾಗಾಗಿ ಪ್ರಚಾರದ ಗುರುತಾಗಿ ಕಾಮನಬಿಲ್ಲು ಬಂತು. ಘೋಷಣೆಯಾಗಿ ‘ಚಿಲಿ, ಸಂತೋಷ ಬರುತ್ತಲಿದೆ’ ಎಂಬ ಸಾಲು ಬಂತು. ಬಹಳ ವರ್ಷ ಪರದೆಯಿಂದ ದೂರವಾಗಿದ್ದ ಪಾತ್ರಿಸಿಯೊ ಬನ್ಯಾದೊಸ್ ಎಂಬ ಹಿರಿಯ ನಿರೂಪಕ ಗಂಭೀರವಾಗಿ, ದನಿ ಏರಿಸದೆ ಕಾರ್ಯಕ್ರಮ ನಡೆಸಿಕೊಟ್ಟರು. ಹಾಸ್ಯ ಇತ್ತು, ಹಾಡು ಇತ್ತು. ಕಾರಿನ ಗಾಜು ಒರೆಸುವ ವೈಪರ್ ಕೂಡ ಅತ್ತಿತ್ತ ಆಡುತ್ತ ‘ಬೇಡ, ಬೇಡ’ ಎನ್ನುತ್ತಿತ್ತು. ಪಕ್ಷಗಳೊಳಗಿನ ಅನೇಕ ಹಿರಿಯರಿಗೆ ಇದು ಸೋಪಿನ ಜಾಹೀರಾತಿನ ಹಾಗೆ ಕಂಡು ಮೈ ಉರಿಯಿತು. ಆ ಉರಿ ನನಗೆ ಅರ್ಥವಾಗುತ್ತದೆ.

ಆದರೆ ನೋವನ್ನು ಪೂರ್ತಿ ಬಚ್ಚಿಟ್ಟರು ಎಂದುಕೊಳ್ಳಬೇಡಿ. ಒಂದು ತುಣುಕಿನ ಬಗ್ಗೆ ಹೇಳಲೇಬೇಕು. ಓಲ್ಗಾ ಗಾರಿದೊ ಎಂಬ ವಯಸ್ಸಾದ ಹೆಂಗಸು ಕ್ಯಾಮೆರಾ ಮುಂದೆ ಕೂತು, ತನ್ನನ್ನು ಮನೆಯಿಂದ ಎಳೆದೊಯ್ದು ಹಿಂಸಿಸಿದ್ದನ್ನು ಸಮಾಧಾನವಾಗಿ ಹೇಳುತ್ತಾರೆ. ಅಳು ಇಲ್ಲ, ಕೂಗಾಟ ಇಲ್ಲ, ಹಿನ್ನೆಲೆಯಲ್ಲಿ ವಾದ್ಯದ ಅಬ್ಬರವೂ ಇಲ್ಲ. ನಂತರ ಕ್ಯಾಮೆರಾ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ದೇಶಕ್ಕೆ ದೇಶವೇ ಬಲ್ಲ ಫುಟ್‌ಬಾಲ್ ಆಟಗಾರ ಕಾರ್ಲೊಸ್ ಕಾಸೆಲಿ. ಈ ತಾಯಿ ನನ್ನ ತಾಯಿ, ಅದಕ್ಕೇ ನನ್ನ ಮತ ‘ಬೇಡ’ಕ್ಕೆ ಎನ್ನುತ್ತಾನೆ. ಪರಿಚಿತ ಮುಖ, ತಾಯಿ-ಮಗನ ಸಂಬಂಧ, ಎರಡು ನಿಮಿಷಕ್ಕೂ ಮೀರದ ಮಾತು. ಭಯಪಡಿಸದೆ ಸತ್ಯ ಹೇಳುವುದು ಹೇಗೆ ಎಂದು ನಿಮ್ಮಲ್ಲಿ ಯಾರಾದರೂ ಕಲಿಯಬೇಕಿದ್ದರೆ ಆ ತುಣುಕನ್ನು ಹುಡುಕಿ ನೋಡಿ.

ಜಾಹೀರಾತಿನ ಕಥೆ ಇಲ್ಲಿಗೆ ನಿಲ್ಲುತ್ತದೆ, ಜನಪ್ರಿಯ ಕಥೆಗಳೂ ಸಾಮಾನ್ಯವಾಗಿ ಇಲ್ಲೇ ನಿಲ್ಲುತ್ತವೆ. ನಾನು ಹೇಳಬೇಕಾದದ್ದು ಇದರ ಹಿಂದೆ ಮುಂದೆ ನಡೆದ, ಟಿವಿಯಲ್ಲಿ ಕಾಣದ ಕೆಲಸ.

ನಾಶವಾಗಿದ್ದ ಮತದಾರರ ಪಟ್ಟಿ 1987ರ ಫೆಬ್ರುವರಿಯಲ್ಲಿ ಮತ್ತೆ ತೆರೆಯಿತು. ಹೆಸರು ಸೇರಿಸಲು ಚಾಲ್ತಿಯಲ್ಲಿರುವ ಗುರುತಿನ ಚೀಟಿ ಬೇಕು, ಚೀಟಿ ಮಾಡಿಸಲು ದುಡ್ಡು ಬೇಕು. ಬಡವರ ಕೇರಿಗಳಲ್ಲಿ ಅದೇ ದೊಡ್ಡ ತಡೆ. ಕಾರ್ಯಕರ್ತರು, ಚರ್ಚಿನ ಗುಂಪುಗಳು, ಪಕ್ಷಗಳ ತಳಮಟ್ಟದ ಜನ ತಿಂಗಳುಗಟ್ಟಲೆ ಬಾಗಿಲಿಂದ ಬಾಗಿಲಿಗೆ ಹೋದರು. ಕೊನೆಗೆ 74 ಲಕ್ಷಕ್ಕೂ ಹೆಚ್ಚು ಜನ ನೋಂದಾಯಿಸಿಕೊಂಡರು. ಅರ್ಹರಲ್ಲಿ ಹತ್ತಕ್ಕೆ ಒಂಬತ್ತು ಮಂದಿ. ಇದು ಟಿವಿಯಲ್ಲಿ ಮೊದಲ ತುಣುಕು ಬರುವುದಕ್ಕೂ ಮುಂಚಿನ ಮಾತು.

ಎರಡನೆಯ ಕೆಲಸ ಮತ ಎಣಿಕೆಯದು. ಸರ್ಕಾರ ಸುಳ್ಳು ಲೆಕ್ಕ ಹೇಳಿದರೆ ಏನು ಮಾಡುವುದು? ಇದಕ್ಕೆ ಉತ್ತರ ಘೋಷಣೆಯಲ್ಲಿಲ್ಲ. ದೇಶದುದ್ದಕ್ಕೂ ಮತದಾನದ ಮೇಜುಗಳಲ್ಲಿ ‘ಬೇಡ’ ಬಣದ ಏಜೆಂಟರು ಕೂತರು, ಎಣಿಕೆಯ ಅಂಕಿ ಬರೆದುಕೊಂಡರು, ತಮ್ಮದೇ ಕೇಂದ್ರಕ್ಕೆ ಕಳಿಸಿದರು. ಸಮಾನಾಂತರ ಎಣಿಕೆಯ ವಿಧಾನಕ್ಕೆ ಅಮೆರಿಕದ ನ್ಯಾಷನಲ್ ಡೆಮಾಕ್ರಟಿಕ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ನೆರವಿತ್ತು. ಆ ರಾತ್ರಿ ಸರ್ಕಾರದ ಕಡೆಯಿಂದ ‘ಹೌದು’ ಮುಂದಿದೆ ಎಂಬ ಅರೆಬರೆ ಅಂಕಿಗಳು ಬಂದವು, ಆಮೇಲೆ ಗಂಟೆಗಟ್ಟಲೆ ಮೌನ. ಆದರೆ ವಿರೋಧ ಪಕ್ಷಗಳ ಕೈಯಲ್ಲಿ ನಿಜವಾದ ಲೆಕ್ಕ ಇತ್ತು. ಮಧ್ಯರಾತ್ರಿಯ ನಂತರ ಅಧ್ಯಕ್ಷರ ಭವನದೊಳಗೆ ಹೋಗುತ್ತಿದ್ದ ವಾಯುಪಡೆ ಮುಖ್ಯಸ್ಥ ಫೆರ್ನಾಂದೊ ಮತ್ತೇಯ್, ‘ಬೇಡ’ ಗೆದ್ದಿರುವುದು ತನಗೆ ಸ್ಪಷ್ಟವಾಗಿದೆ ಎಂದು ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಅಲ್ಲಿಗೆ ಆಟ ಮುಗಿಯಿತು. ‘ಬೇಡ’ ಶೇ 56, ‘ಹೌದು’ ಶೇ 44. ಏಜೆಂಟರ ಆ ಚೀಟಿಗಳು ಇರದಿದ್ದರೆ ಸೇನೆಯೊಳಗಿಂದ ಹಾಗೆ ಒಪ್ಪಿಕೊಳ್ಳುವ ದನಿ ಅಷ್ಟು ಬೇಗ ಹೊರಡುತ್ತಿತ್ತೆ? ನನಗೆ ಅನುಮಾನ.

ಈ ಗೆಲುವಿಗೆ ಒಂದು ಬಾಕಿಯೂ ಉಳಿಯಿತು. ಜನರಿಗೆ ಹೆದರಿಕೆ ಹುಟ್ಟಿಸುವ ಮಾತು ಬೇಡ ಎಂದು ಪಕ್ಕಕ್ಕಿಟ್ಟ ಪ್ರಶ್ನೆಗಳು, ಅಂದರೆ ಕೊಂದವರಿಗೆ ಶಿಕ್ಷೆ, ಸಂವಿಧಾನದ ಬದಲಾವಣೆ, ಪಿಂಚಣಿ, ಶಿಕ್ಷಣದ ಖರ್ಚು, ಗೆದ್ದ ಮೇಲೂ ಬಹುಕಾಲ ಪಕ್ಕದಲ್ಲೇ ಇದ್ದವು. ಅಧ್ಯಕ್ಷ ಪದವಿ ಬಿಟ್ಟ ಮೇಲೂ ಪಿನೊಚೆ 1998ರವರೆಗೆ ಸೇನಾ ಮುಖ್ಯಸ್ಥನಾಗಿಯೇ ಇದ್ದ. 2019ರಲ್ಲಿ ರಾಜಧಾನಿ ಸಾಂತಿಯಾಗೊದ ಮೆಟ್ರೊ ದರ 30 ಪೆಸೊ ಏರಿದಾಗ ಬೀದಿಗಿಳಿದ ಹುಡುಗರು ‘ಇದು 30 ಪೆಸೊ ಅಲ್ಲ, 30 ವರ್ಷ’ ಎಂದು ಕೂಗಿದರು. ಬರುತ್ತಲಿದೆ ಎಂದಿದ್ದ ಸಂತೋಷದ ಬಗ್ಗೆಯೇ ಆ ಲೆಕ್ಕ.

ಈಗ ಬೆಟ್ಟ ಹತ್ತಿ ಬೊಲಿವಿಯಾಕ್ಕೆ ಹೋಗೋಣ. ವರ್ಷ 2002. ಅಭ್ಯರ್ಥಿ ಗೊನ್ಸಾಲೊ ಸಾಂಚೆಸ್ ದೆ ಲೊಸಾದಾ, ಎಲ್ಲರ ಬಾಯಲ್ಲಿ ‘ಗೋನಿ’. ಗಣಿ ಮಾಲೀಕ. ಅಮೆರಿಕದಲ್ಲಿ ಬೆಳೆದು ಓದಿದವನು, ಅವನ ಸ್ಪ್ಯಾನಿಷ್‌ನಲ್ಲೂ ಅಮೆರಿಕದ ರಾಗ. 1993ರಿಂದ 97ರವರೆಗೆ ಒಮ್ಮೆ ಅಧ್ಯಕ್ಷನಾಗಿದ್ದಾಗ ಸರ್ಕಾರಿ ಕಂಪನಿಗಳ ಅರ್ಧ ಪಾಲನ್ನು ಖಾಸಗಿಯವರಿಗೆ ಕೊಟ್ಟಿದ್ದ. ಜನರಿಗೆ ಅದರ ಮೇಲೆ ಕೋಪ. ಅಂಥವನನ್ನು ಮತ್ತೆ ಗೆಲ್ಲಿಸಲು ವಾಷಿಂಗ್ಟನ್ನಿನ ಗ್ರೀನ್‌ಬರ್ಗ್ ಕಾರ್ವಿಲ್ ಶ್ರಮ್ ಎಂಬ ಸಂಸ್ಥೆ ಬಂತು. ಬಿಲ್ ಕ್ಲಿಂಟನ್ನನ್ನು ಗೆಲ್ಲಿಸಿದ ಜೇಮ್ಸ್ ಕಾರ್ವಿಲ್, 1994ರಲ್ಲಿ ಮಂಡೇಲಾ ಅವರ ಪಕ್ಷಕ್ಕೆ ಸರ್ವೆ ಮಾಡಿಕೊಟ್ಟಿದ್ದ ಸ್ಟ್ಯಾನ್ ಗ್ರೀನ್‌ಬರ್ಗ್ ಇವರೆಲ್ಲ ಅದರ ಪಾಲುದಾರರು. ಈ ಪ್ರಚಾರದ ಒಳಕೋಣೆಯಲ್ಲಿ ಕ್ಯಾಮೆರಾ ಇಟ್ಟು ತೆಗೆದ ಸಾಕ್ಷ್ಯಚಿತ್ರ ಇರುವುದರಿಂದ ನಮಗೆ ಒಳಗಿನ ಮಾತುಗಳೂ ಗೊತ್ತು.

ಇಲ್ಲಿ ಆಗಿದ್ದ ನಿಯಮವನ್ನು ಗಮನಿಸಿ, ತಂತ್ರವೆಲ್ಲ ಅದರ ಮೇಲೆ ನಿಂತಿತ್ತು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲ ಇಬ್ಬರಲ್ಲಿ ಒಬ್ಬರನ್ನು ಸಂಸತ್ತು ಆರಿಸುತ್ತಿತ್ತು. ಹನ್ನೊಂದು ಅಭ್ಯರ್ಥಿಗಳಿರುವಾಗ ಅರ್ಧ ಯಾರಿಗೂ ಬರುವುದಿಲ್ಲ. ಅಂದರೆ ದೇಶದ ಪ್ರೀತಿ ಗಳಿಸುವ ಅಗತ್ಯವಿಲ್ಲ. ಮೊದಲ ಇಬ್ಬರೊಳಗೆ ಬಂದರೆ ಸಾಕು, ಉಳಿದದ್ದು ಸಂಸತ್ತಿನ ಪಡಸಾಲೆಯಲ್ಲಿ. ಸಲಹೆಗಾರರು ಗೋನಿಯನ್ನು ಒಳ್ಳೆಯವನನ್ನಾಗಿ ತೋರಿಸುವ ವ್ಯರ್ಥ ಕೆಲಸಕ್ಕೆ ಹೆಚ್ಚು ಕೈಹಾಕಲಿಲ್ಲ. ದೇಶ ಬಿಕ್ಕಟ್ಟಿನಲ್ಲಿದೆ, ಇಂಥ ಹೊತ್ತಿನಲ್ಲಿ ಅನುಭವ ಇರುವವನೇ ಬೇಕು ಎಂದು ಇಡೀ ಚುನಾವಣೆಯನ್ನು ಬಿಕ್ಕಟ್ಟಿನ ಸುತ್ತ ಕಟ್ಟಿದರು. ಜೊತೆಗೆ, ಸರ್ವೆಗಳಲ್ಲಿ ಮುಂದಿದ್ದ ಕೊಚಬಾಂಬಾದ ಮಾಜಿ ಮೇಯರ್ ಮಾನ್‌ಫ್ರೆದ್ ರೇಯೆಸ್ ವಿಯಾ ಮೇಲೆ ಕೆಸರು. ಅವನ ಸೇನಾ ಹಿನ್ನೆಲೆ, ಆಸ್ತಿ, ಎಲ್ಲವೂ ಜಾಹೀರಾತಿಗೆ ಬಂದವು.

ಕೆಸರಾಟದಲ್ಲಿ ಎಲ್ಲರೂ ಮರೆತದ್ದು ಮೂರನೆಯವನನ್ನು. ಎವೊ ಮೊರಾಲೆಸ್, ಕೋಕಾ (ಕೊಕೇನ್‌ಗೆ ಮೂಲವಾದ ಎಲೆ) ಬೆಳೆಗಾರರ ಸಂಘದ ನಾಯಕ. ಅವನ ಪಕ್ಷ ಜಾಹೀರಾತಿನಿಂದ ಬೆಳೆದದ್ದಲ್ಲ, ಚಪಾರೆ ಸೀಮೆಯ ಬೆಳೆಗಾರರ ಸಂಘಗಳು, ಊರ ಸಭೆಗಳು, ರಸ್ತೆ ತಡೆಗಳಿಂದ ಬೆಳೆದದ್ದು. 2000ದಲ್ಲಿ ಕೊಚಬಾಂಬಾದ ನೀರು ಸರಬರಾಜನ್ನು ಖಾಸಗಿ ಕೂಟಕ್ಕೆ ಕೊಟ್ಟು ದರ ಏರಿಸಿದಾಗ ಊರಿಗೆ ಊರೇ ಎದ್ದು ಆ ಒಪ್ಪಂದ ರದ್ದು ಮಾಡಿಸಿತ್ತಲ್ಲ, ಆ ಬಿಸಿ ಇನ್ನೂ ಆರಿರಲಿಲ್ಲ. ಮತದಾನಕ್ಕೆ ನಾಲ್ಕು ದಿನ ಇರುವಾಗ ಅಮೆರಿಕದ ರಾಯಭಾರಿ ಮಾನುಯೆಲ್ ರೋಚಾ, ಎವೊನನ್ನು ಆರಿಸಿದರೆ ಅಮೆರಿಕದ ನೆರವಿಗೆ ಕುತ್ತು ಎಂಬರ್ಥದ ಮಾತಾಡಿದರು. ಎವೊನ ಮತ ಏರಿದ್ದು ಆಗ. ಆ ರಾಯಭಾರಿಯೇ ತನ್ನ ಅತ್ಯುತ್ತಮ ಪ್ರಚಾರಕ ಎಂದು ಎವೊ ತಮಾಷೆ ಮಾಡಿದ್ದುಂಟು. ಇದಕ್ಕೊಂದು ಬಾಲ ಇದೆ, ವಿಷಯಕ್ಕೆ ಸಂಬಂಧವಿಲ್ಲದಿದ್ದರೂ ಹೇಳದೆ ಇರಲಾರೆ: ಇದೇ ರೋಚಾ ದಶಕಗಳಿಂದ ಕ್ಯೂಬಾದ ಗುಪ್ತ ಏಜೆಂಟ್ ಆಗಿದ್ದರೆಂದು 2023ರಲ್ಲಿ ಬಂಧನವಾಯಿತು, 2024ರಲ್ಲಿ ತಪ್ಪೊಪ್ಪಿಕೊಂಡು 15 ವರ್ಷದ ಶಿಕ್ಷೆಗೆ ಗುರಿಯಾದರು. ಯಾವ ಕನ್ಸಲ್ಟೆಂಟ್‌ನ ಪವರ್‌ಪಾಯಿಂಟ್‌ನಲ್ಲೂ ಇಂಥದ್ದು ಬರುವುದಿಲ್ಲ.

ಜೂನ್ 30ರ ಫಲಿತಾಂಶ: ಗೋನಿ ಶೇ 22.5, ಎವೊ ಶೇ 20.9, ಮಾನ್‌ಫ್ರೆದ್ ಕೂಡ ಶೇ 20.9. ಎರಡನೆಯ ಮತ್ತು ಮೂರನೆಯ ಸ್ಥಾನದ ನಡುವೆ ಸಾವಿರಕ್ಕೂ ಕಡಿಮೆ ಮತ. ಸಲಹೆಗಾರರ ಗುರಿ ಈಡೇರಿತು, ಅವರು ಗಂಟುಮೂಟೆ ಕಟ್ಟಿದರು. ಆಗಸ್ಟ್‌ನಲ್ಲಿ ಸಂಸತ್ತು ಗೋನಿಯನ್ನು ಆರಿಸಿತು.

ನೂರಕ್ಕೆ ಎಪ್ಪತ್ತೇಳು ಮಂದಿ ಬೇಡವೆಂದ ಅಧ್ಯಕ್ಷ, ಬೆನ್ನಿಗೆ ಎರವಲು ಮೈತ್ರಿ. ಮದುವೆ ಮಾಡಿಸಿಕೊಡುವ ಕಂಟ್ರಾಕ್ಟರು ಸಿಗುತ್ತಾರೆ, ಸಂಸಾರ ನಡೆಸಿಕೊಡುವವರು ಎಲ್ಲೂ ಸಿಗುವುದಿಲ್ಲ. 2003ರ ಫೆಬ್ರುವರಿಯಲ್ಲಿ ಬಜೆಟ್ ಕೊರತೆ ತುಂಬಲು ಸಂಬಳದ ಮೇಲೆ ತೆರಿಗೆ ಹಾಕಹೊರಟಾಗ ಪೊಲೀಸರೇ ಬಂಡೆದ್ದರು. ಸರ್ಕಾರ ಕೂರುವ ಲಾ ಪಾಸ್ ನಗರದ ಮುಖ್ಯ ಚೌಕದಲ್ಲಿ ಪೊಲೀಸರೂ ಸೈನಿಕರೂ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು. ತೆರಿಗೆ ವಾಪಸಾಯಿತು, ಮೂವತ್ತಕ್ಕೂ ಹೆಚ್ಚು ಜೀವ ಹೋದವು. ಆಮೇಲೆ ನೈಸರ್ಗಿಕ ಅನಿಲದ ರಫ್ತು, ಅದೂ ಚಿಲಿಯ ಬಂದರಿನ ಮೂಲಕ ಎಂಬ ಯೋಜನೆ. 19ನೇ ಶತಮಾನದ ಯುದ್ಧದಲ್ಲಿ ಚಿಲಿಗೆ ತನ್ನ ಕಡಲ ತೀರವನ್ನೇ ಕಳೆದುಕೊಂಡ ದೇಶ ಅದು. ಅಲ್ಲಿ ಈ ಮಾತೆತ್ತಿದರೆ ಏನಾಗುತ್ತದೆಂದು ತಿಳಿಯಲು ಸರ್ವೆ ಬೇಕಿರಲಿಲ್ಲ. ಲಾ ಪಾಸ್‌ನ ನೆತ್ತಿಯ ಮೇಲೆ ಕೂತ ಎಲ್ ಆಲ್ತೊ ನಗರ ರಸ್ತೆಗಳನ್ನು ಮುಚ್ಚಿತು. ಸೇನೆ ಗುಂಡು ಹಾರಿಸಿತು, ಸುಮಾರು ಅರುವತ್ತು ಜನ ಸತ್ತರು. ಅಕ್ಟೋಬರ್ 17ರಂದು ಗೋನಿ ರಾಜೀನಾಮೆ ಕೊಟ್ಟು ಅಮೆರಿಕಕ್ಕೆ ಹೋದ. 2005ರ ಡಿಸೆಂಬರ್‌ನಲ್ಲಿ ಎವೊ ಶೇ 54ರ ಹತ್ತಿರ ಮತ ಪಡೆದು ಗೆದ್ದ, ಸಂಸತ್ತಿನ ಆಯ್ಕೆಯ ಹಂಗೇ ಬೀಳಲಿಲ್ಲ.

ಸಲಹೆಗಾರರನ್ನು ಖಳರನ್ನಾಗಿ ಮಾಡುವುದು ಸುಲಭ. ಆದರೆ ಅವರ ಸಂಶೋಧನೆ ಸುಳ್ಳಾಗಿರಲಿಲ್ಲ, ಜನರಿಗಿದ್ದ ಆತಂಕವನ್ನು ಸರಿಯಾಗಿಯೇ ಓದಿದ್ದರು. ಚಿಲಿಯಲ್ಲಿ ಅಂಥದೇ ಓದನ್ನು ತಮ್ಮ ಕೇರಿಯ ಬಾಗಿಲು ತಟ್ಟುತ್ತಿದ್ದ ಜನ ಕೈಗೆತ್ತಿಕೊಂಡರು. ಬೊಲಿವಿಯಾದಲ್ಲಿ ಆ ಓದು ಲಾ ಪಾಸ್‌ನ ಒಂದು ಕೋಣೆಯಲ್ಲೇ ಉಳಿಯಿತು. ಎಲ್ ಆಲ್ತೊದ ಓಣಿಯಲ್ಲಿ ನಿಂತು ಸರ್ಕಾರದ ಪರವಾಗಿ ಒಂದು ಮಾತು ಹೇಳುವ, ಓಣಿಯ ಮಾತನ್ನು ಸರ್ಕಾರದ ಕಿವಿಗೆ ಮುಟ್ಟಿಸುವ ಕಾರ್ಯಕರ್ತನೇ ಗೋನಿಗೆ ಇರಲಿಲ್ಲ. ಅಂಥವನನ್ನು ಬಾಡಿಗೆಗೆ ತರಲು ಬರುವುದಿಲ್ಲ.

ಇನ್ನು ನಮ್ಮ ಕಡೆ. ಭಾರತದಲ್ಲಿ ಜಾಹೀರಾತು ಏಜೆನ್ಸಿಗಳು ಚುನಾವಣೆಗೆ ದೊಡ್ಡದಾಗಿ ಬಂದದ್ದು 1984ರಲ್ಲಿ, ರಾಜೀವ್ ಗಾಂಧಿಯವರ ಕಾಂಗ್ರೆಸ್ ರೀಡಿಫ್ಯೂಷನ್‌ಗೆ ಕೆಲಸ ಕೊಟ್ಟಾಗ. 2004ರಲ್ಲಿ ಬಿಜೆಪಿ ನೇತೃತ್ವದ ಸರ್ಕಾರದ ‘ಇಂಡಿಯಾ ಶೈನಿಂಗ್’ ಪ್ರಚಾರ ಹೊಳೆದಷ್ಟೂ ಸೋಲಿನ ದಾರಿಯಾಯಿತು. 2014ರ ನಂತರ ಹೊರಗಿನ ಏಜೆನ್ಸಿಯ ಜಾಗಕ್ಕೆ ಪೂರ್ಣಾವಧಿ ತಂತ್ರಗಾರರು, ಡೇಟಾ ತಂಡಗಳು, ವಾರ್ ರೂಮುಗಳು ಬಂದವು. ದುಡ್ಡಿನ ದಾರಿಯೂ ಸುಗಮ. ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ ನಮ್ಮಲ್ಲಿ 40 ಲಕ್ಷ ರೂಪಾಯಿ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ.

ಕರ್ನಾಟಕದ 2023ರ ಚುನಾವಣೆಯನ್ನು ನೀವೆಲ್ಲ ನೋಡಿದ್ದೀರಿ. ಕಾಂಗ್ರೆಸ್‌ಗೆ ತಂತ್ರಗಾರ ಸುನಿಲ್ ಕನುಗೋಲು. ‘ಪೇಸಿಎಂ’ ಪೋಸ್ಟರ್‌ಗಳು, ಕ್ಯೂಆರ್ ಕೋಡ್, ಶೇ 40 ಕಮಿಷನ್ ಎಂಬ ಆರೋಪವನ್ನು ಒಂದೇ ಚಿತ್ರಕ್ಕೆ ಇಳಿಸಿದ ಜಾಣತನ. ಆಮೇಲೆ ಐದು ಗ್ಯಾರಂಟಿ, ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಸಹಿ ಇದ್ದ ಕಾರ್ಡು. ಫಲ 135 ಸ್ಥಾನ. ಆದರೆ ಆ ಕಾರ್ಡು ಮನೆಮನೆಗೆ ತಾನೇ ನಡೆದುಕೊಂಡು ಹೋಗಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ‘ಅಕ್ಕಾ, ನಿಮ್ಮ ಹೆಸರಿಗೇ ಎರಡು ಸಾವಿರ ಬರುತ್ತೆ’ ಎಂದು ಬಾಗಿಲಲ್ಲಿ ನಿಂತವರು ಊರಿನ ಪರಿಚಯದ ಮುಖಗಳು. ಪೋಸ್ಟರ್‌ಗೆ ಸುದ್ದಿ ವಾಹಿನಿಗಳಲ್ಲಿ ಸಿಕ್ಕ ಜಾಗ ಈ ಕೆಲಸಕ್ಕೆ ಸಿಗಲಿಲ್ಲ, ಸಿಗುವುದೂ ಇಲ್ಲ.

ನನಗೆ ಆತಂಕ ಇರುವುದು ಇನ್ನೊಂದು ಬದಲಾವಣೆಯ ಬಗ್ಗೆ. ಈಗ ಎಲ್ಲ ಪಕ್ಷಗಳಲ್ಲೂ ಟಿಕೆಟ್ ಕೇಳಲು ಹೋದವರಿಗೆ ಸಿಗುವ ಉತ್ತರ ‘ಸರ್ವೆಯಲ್ಲಿ ನಿಮ್ಮ ಹೆಸರಿಲ್ಲ’. ಆ ಸರ್ವೆ ಯಾರು ಮಾಡಿದರು, ಯಾರನ್ನು ಕೇಳಿದರು, ಯಾರಿಗೂ ತೋರಿಸುವುದಿಲ್ಲ. ಹಿಂದೆ ಜಿಲ್ಲಾ ಅಧ್ಯಕ್ಷನ ಜೊತೆ ಜಗಳವಾದರೂ ಆಡಬಹುದಿತ್ತು. ಅದು ನ್ಯಾಯವಾಗಿ ನಡೆಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಜಾತಿ, ದುಡ್ಡು, ನೆಂಟಸ್ತಿಕೆ ಎಲ್ಲ ಇದ್ದವು. ಆದರೂ ಹೊಣೆ ಹೊರುವ ಒಂದು ಮುಖ ಕಣ್ಣೆದುರು ಇರುತ್ತಿತ್ತು. ಮೇಲಿಂದ ಬರುವ ಸರ್ವೆ ಹಾಳೆ ಎಲ್ಲವನ್ನೂ ತೀರ್ಮಾನಿಸುವುದಾದರೆ ಇಪ್ಪತ್ತು ವರ್ಷ ಬೂತಿನಲ್ಲಿ ಕೂತವನು ಇಪ್ಪತ್ತೊಂದನೆಯ ವರ್ಷ ಯಾಕೆ ಕೂರಬೇಕು?

ಬಿಹಾರದ ಉದಾಹರಣೆ ಇನ್ನೂ ಹಸಿ. ಪ್ರಶಾಂತ್ ಕಿಶೋರ್ ಮೋದಿ, ನಿತೀಶ್, ಜಗನ್, ಮಮತಾ, ಸ್ಟಾಲಿನ್ ಹೀಗೆ ಒಬ್ಬರಿಗೊಬ್ಬರು ಆಗದವರಿಗೆಲ್ಲ ಕೆಲಸ ಮಾಡಿ ಗೆಲುವಿನಲ್ಲಿ ಪಾಲು ಪಡೆದವರು. ಜನ ಸುರಾಜ್ ಎಂಬ ತಮ್ಮದೇ ಪಕ್ಷ ಕಟ್ಟಿ, ಹಳ್ಳಿಹಳ್ಳಿ ನಡೆದು, ಅದನ್ನು 2025ರ ಚುನಾವಣೆಗೆ ಇಳಿಸಿದರು. ಒಂದು ಸ್ಥಾನವೂ ಬರಲಿಲ್ಲ. ನಗುವ ವಿಷಯವಲ್ಲ ಇದು. ಆ ಗೆಲುವುಗಳಲ್ಲಿ ತಂತ್ರದ ಪಾಲೆಷ್ಟು, ಆ ಪಕ್ಷಗಳು ದಶಕಗಳಿಂದ ಕೂಡಿಟ್ಟುಕೊಂಡದ್ದರ ಪಾಲೆಷ್ಟು ಎಂದು ನಾವು ಇನ್ನು ಮುಂದೆ ಬಿಡಿಸಿ ಕೇಳಬೇಕಾಗುತ್ತದೆ.

ಪ್ರಶ್ನೋತ್ತರದಲ್ಲಿ ವಿದ್ಯಾರ್ಥಿನಿಯೊಬ್ಬರು ನೇರವಾಗಿ ಕೇಳಿದರು: ‘ಸರ್, ನಮಗೆ ಈ ಕಂಪನಿಗಳಲ್ಲಿ ಕೆಲಸ ಸಿಗುತ್ತೆ. ಸೇರಬೇಕೋ ಬೇಡವೋ?’

ಸೇರಮ್ಮ. ಒಂದು ಚುನಾವಣೆಯಲ್ಲಿ ಕಲಿಯುವಷ್ಟು ರಾಜ್ಯಶಾಸ್ತ್ರ ಎರಡು ವರ್ಷದ ಎಂ.ಎ.ಯಲ್ಲಿ ಸಿಗಲಿಕ್ಕಿಲ್ಲ. ಆದರೆ ಕೆಲಸ ಸಾಮಾನ್ಯವಾಗಿ ಮತದಾನದ ದಿನಕ್ಕೆ ಮುಗಿಯುತ್ತದೆ, ಆದ್ದರಿಂದ ಸಂಬಳದ ಕರಾರು ಬರಹದಲ್ಲಿ ಪಡೆದುಕೊ. ಮತದಾರರ ಫೋನ್ ನಂಬರು, ಜಾತಿ, ವಯಸ್ಸು ಸಂಗ್ರಹಿಸಿ ತಾ ಎಂದರೆ, ಯಾವ ಅಧಿಕಾರದಲ್ಲಿ, ಯಾರ ಹೆಸರಿನಲ್ಲಿ ಎಂದು ಮೊದಲು ಕೇಳು. 2022ರಲ್ಲಿ ಬೆಂಗಳೂರಿನಲ್ಲಿ ಜಾಗೃತಿಯ ಹೆಸರಿನಲ್ಲಿ ಮತದಾರರ ಮಾಹಿತಿ ಸಂಗ್ರಹಿಸಿದ ಆರೋಪದ ಮೇಲೆ ಪ್ರಕರಣ ದಾಖಲಾದದ್ದು ನಿನಗೆ ನೆನಪಿರಬೇಕು. ಇಂಥ ಪ್ರಕರಣಗಳಲ್ಲಿ ಮೊದಲು ಸಿಕ್ಕಿಬೀಳುವವರು ಬಾಗಿಲು ತಟ್ಟಿದ ಹುಡುಗ ಹುಡುಗಿಯರು. ಮತ್ತೆ, ಸಾಧ್ಯವಾದರೆ ವಾರ್ ರೂಮಿನ ಎ.ಸಿ. ಕೆಲಸ ಬಿಟ್ಟು ಯಾವುದಾದರೂ ತಾಲ್ಲೂಕಿಗೆ ಹಾಕಿಸಿಕೊ. ಅಲ್ಲಿನ ಬೂತ್ ಏಜೆಂಟರ ಜೊತೆ ಒಂದು ಇಡೀ ದಿನ ಕೂತು, ಪಟ್ಟಿಯಲ್ಲಿ ಯಾರು ಸತ್ತಿದ್ದಾರೆ, ಯಾರು ಗುಳೆ ಹೋಗಿದ್ದಾರೆ, ಯಾವ ಮನೆಯ ಸೊಸೆಯ ಹೆಸರು ಇನ್ನೂ ತವರಿನಲ್ಲೇ ಇದೆ ಎಂದು ಅವರು ಗುರುತು ಹಾಕುವುದನ್ನು ನೋಡು.